ಮೀಟರ್ ನೋಡುವ ಮೊದಲು ಮಳೆಗಾಲ ಎಣಿಸಿ

ನಮ್ಮ ಮನೆಗೆ ಷೋರೂಮಿನಿಂದ ನೇರವಾಗಿ ಬಂದ ಕಾರು ಯಾವುದೂ ಇಲ್ಲ. ಎಲ್ಲವೂ ಬೇರೆಯವರು ಓಡಿಸಿ ಕೊಟ್ಟವು. ಮನೆ ಕಾಪುವಿನಲ್ಲಿ, ಕೆಲಸ ಮಣಿಪಾಲದಲ್ಲಿ, ತವರು ಕಾರ್ಕಳದಲ್ಲಿ. ಹಾಗಾಗಿ ಕಡಲ ಗಾಳಿ, ಗುಡ್ಡದ ಏರು, ಘಟ್ಟದ ಬುಡದ ಮಳೆ ಮೂರನ್ನೂ ನಮ್ಮ ಕಾರು ವಾರದೊಳಗೇ ಕಂಡುಬಿಡುತ್ತದೆ. ಮಧ್ಯಮ ವರ್ಗದ ಕುಟುಂಬಕ್ಕೆ ಹಳೇ ಕಾರು ಒಳ್ಳೆಯ ಲೆಕ್ಕಾಚಾರ ಎಂದೇ ನನ್ನ ನಂಬಿಕೆ. ಹೊಸ ಕಾರಿನ ಬೆಲೆ ಜೋರಾಗಿ ಇಳಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಆ ನಷ್ಟವನ್ನು ಮೊದಲ ಯಜಮಾನರೇ ಹೊತ್ತಿರುತ್ತಾರೆ. ಆದರೆ ನಮ್ಮ ಜಿಲ್ಲೆಯಲ್ಲಿ ಹಳೇ ಕಾರಿಗೆ ಬೆಲೆ ಕಟ್ಟುವ ಕ್ರಮ ಸರಿಯಿಲ್ಲ. ಎಲ್ಲರೂ ಮೊದಲು ನೋಡುವುದು ಮೀಟರ್. ಮೂವತ್ತು ಸಾವಿರ ಕಿಲೋಮೀಟರ್ ಎಂದರೆ ಕಣ್ಣರಳುತ್ತದೆ, ಒಂದು ಲಕ್ಷ ದಾಟಿದೆ ಎಂದರೆ ಮಾತೇ ಮುಗಿಯುತ್ತದೆ.

ಈಗಿನ ಕಾರನ್ನು ಕೊಳ್ಳುವಾಗ ನಮ್ಮೆದುರು ಎರಡು ಕಾರುಗಳಿದ್ದವು. ಒಂದೇ ಕಂಪನಿ, ಒಂದೇ ಮಾಡೆಲ್, ಎರಡೂ 2014ರದ್ದು, ಎರಡೂ ಪೆಟ್ರೋಲ್. ಒಂದು ಕಾಪುವಿನ ಕಡಲ ಬದಿಯ ಮನೆಯದ್ದು. ಮಗ ಗಲ್ಫಿನಲ್ಲಿ, ಅವರು ರಜೆಗೆ ಬಂದಾಗ ಓಡುತ್ತಿತ್ತು, ಉಳಿದ ತಿಂಗಳು ಶೀಟ್ ಮಾಡಿನ ಕೆಳಗೆ ಕವರ್ ಹೊದ್ದು ನಿಂತಿರುತ್ತಿತ್ತು. ಮೀಟರಿನಲ್ಲಿ 34,000, ಕೇಳಿದ ಬೆಲೆ 4.10 ಲಕ್ಷ. ಇನ್ನೊಂದು ಕಾರ್ಕಳದ ಶಿಕ್ಷಕರೊಬ್ಬರದ್ದು. ನಿತ್ಯ ಶಾಲೆಗೆ ಹೋಗಿಬಂದ ಕಾರು, ಮೀಟರಿನಲ್ಲಿ 1.12 ಲಕ್ಷ, ಪ್ರತಿ ಸರ್ವೀಸಿನ ಬಿಲ್ಲೂ ಫೈಲಿನಲ್ಲಿತ್ತು. 3.05 ಲಕ್ಷಕ್ಕೆ ಕೊಡಲು ಅವರು ಒಪ್ಪಿದ್ದರು.

ನಮ್ಮ ಮೆಕ್ಯಾನಿಕ್ ಎರಡನ್ನೂ ನೋಡಿಕೊಟ್ಟರು. "ಅಕ್ಕಾ, ಮೀಟರ್ ಆಮೇಲೆ ನೋಡುವ. ಇದು ಎಷ್ಟು ಮಳೆಗಾಲ ಎಲ್ಲಿ ನಿಂತದ್ದು ಅಂತ ಮೊದಲು ಕೇಳಿ" ಎಂದರು. ಕಾಪುವಿನ ಕಾರು ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು. ಲಿಫ್ಟಿಗೆ ಏರಿಸಿದಾಗ ಹಿಂದಿನ ಆಕ್ಸಲಿನಿಂದ ತುಕ್ಕು ಪದರ ಪದರವಾಗಿ ಕೈಗೆ ಬಂತು. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಿನ ಜೋಡಣೆಯಲ್ಲಿ ಬಣ್ಣ ಗುಳ್ಳೆ ಎದ್ದಿತ್ತು. ಬ್ರೇಕ್ ಪೈಪು ಉಬ್ಬಿತ್ತು. ಟಯರುಗಳ ಗುಂಡಿ ಸವೆದಿರಲೇ ಇಲ್ಲ, ಆದರೆ ಪಕ್ಕದ ರಬ್ಬರ್ ಸೀಳಿತ್ತು. ಕಾರ್ಕಳದ ಕಾರಿನ ಅಡಿಯಲ್ಲಿ ಕೆಸರಿತ್ತು, ಬುಷ್‌ಗಳು ಹೋಗಿದ್ದವು, ಮುಂದಿನ ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುತ್ತಿತ್ತು, ಕ್ಲಚ್ ಮೇಲಕ್ಕೆ ಬಂದಿತ್ತು. ತಗಡು ಮಾತ್ರ ಗಟ್ಟಿಯಾಗಿತ್ತು. ನಾವು ಲಕ್ಷ ದಾಟಿದ ಕಾರನ್ನೇ ಕೊಂಡೆವು.

ಮೊದಲ ವರ್ಷದ ಖರ್ಚು ಹೀಗೆ: ಲೋವರ್ ಆರ್ಮ್, ಲಿಂಕ್ ರಾಡ್, ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಸೇರಿ 16,000, ಕ್ಲಚ್ 9,000, ರೇಡಿಯೇಟರ್, ಹೋಸ್ ಪೈಪುಗಳು, ಥರ್ಮೋಸ್ಟಾಟ್, ಕೂಲಂಟ್ 7,500, ನಾಲ್ಕು ಟಯರಿಗೆ 16,000. ಒಟ್ಟು 48,500. ಕಾರಿನ ಬೆಲೆ ಸೇರಿಸಿದರೂ 3.54 ಲಕ್ಷ ದಾಟಲಿಲ್ಲ. ಇವೆಲ್ಲ ಬೋಲ್ಟ್ ಬಿಚ್ಚಿ ಹೊಸದು ಹಾಕಿದರೆ ಮುಗಿಯುವ ಕೆಲಸಗಳು. ತುಕ್ಕು ಹಿಡಿದ ಬಾಡಿಗೆ ಅಂಥ ಬೋಲ್ಟ್ ಇಲ್ಲ. ಟಿಂಕರಿಂಗ್ ಮಾಡಿಸಿ, ಪ್ಯಾಚ್ ಹಾಕಿ, ಬಣ್ಣ ಹೊಡೆಸಿದರೂ ಒಳಗಿನಿಂದ ಮತ್ತೆ ಹರಡುತ್ತದೆ. ಹಳೇ ಕಾರಿನ ಖರ್ಚಿನಲ್ಲಿ ಈ ಎರಡು ಜಾತಿಯನ್ನು ಬೇರೆ ಮಾಡಲು ಬಂದರೆ ಅರ್ಧ ವ್ಯವಹಾರ ಗೆದ್ದ ಹಾಗೆ.

ಕರಾವಳಿಯಲ್ಲಿ ತುಕ್ಕು ಇಷ್ಟು ಬೇಗ ಹಿಡಿಯಲು ಕಾರಣವಿದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ತಗಡಿನ ಮೇಲೆಯೇ ಹಿಡಿದಿಟ್ಟುಕೊಳ್ಳುತ್ತದೆ. ಬಣ್ಣ ಕಿತ್ತ ಜಾಗದಲ್ಲಿ ಕಬ್ಬಿಣ ನಿಂತಲ್ಲೇ ಕರಗತೊಡಗುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಲ್ಲಿ ಅಡಿಯಲ್ಲಿ ಮೆತ್ತಿದ ಕೆಸರು ತಿಂಗಳುಗಟ್ಟಲೆ ಒಣಗುವುದಿಲ್ಲ. ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋದರೆ ಅದರಿಂದ ಸುರಿಯುವ ಉಪ್ಪುನೀರೂ ನಮ್ಮ ಕಾರಿನ ಅಡಿಗೇ ಬಂದು ಬೀಳುತ್ತದೆ. ಆದ್ದರಿಂದ ಕಾರು ನೋಡಲು ಹೋದಾಗ ಬಾನೆಟ್ ತೆರೆಯುವ ಮೊದಲು ಮ್ಯಾಟ್ ಎತ್ತಿ ನೋಡಿ. ಡಿಕ್ಕಿಯ ಸ್ಟೆಪ್ನಿ ತೆಗೆದು ಅದರ ಗುಂಡಿಯಲ್ಲಿ ನೀರು ನಿಂತ ಗೆರೆ ಇದೆಯೇ ನೋಡಿ. ಬಾಗಿಲಿನ ಅಡಿಯಲ್ಲಿ ನೀರು ಹೋಗುವ ಸಣ್ಣ ತೂತುಗಳು ಎಲೆ, ಮಣ್ಣಿನಿಂದ ಮುಚ್ಚಿದ್ದರೆ ಬಾಗಿಲು ಒಳಗಿನಿಂದ ಕೊಳೆಯುತ್ತಿದೆ ಎಂದೇ ಅರ್ಥ. ಮಾರಾಟಕ್ಕೆ ಇಟ್ಟ ಹಳೇ ಕಾರಿನ ಅಡಿಗೆ ಹೊಚ್ಚ ಹೊಸ ಕಪ್ಪು ಕೋಟಿಂಗ್ ಹೊಡೆದದ್ದು ಕಂಡರೆ ನಾನು ಮುಂದಿನ ಮಾತು ಆಡುವುದಿಲ್ಲ. ಆ ಕೋಟಿಂಗ್ ಕಾರು ಹೊಸದಿರುವಾಗ ಹೊಡೆಸಬೇಕಾದದ್ದು; ತುಕ್ಕಿನ ಮೇಲೆ ಹೊಡೆದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ.

ನಿಂತ ಕಾರಿನ ಸಮಸ್ಯೆ ತುಕ್ಕಿನಲ್ಲೇ ಮುಗಿಯುವುದಿಲ್ಲ. ಮುಂಬೈ, ಗಲ್ಫ್ ಮನೆತನಗಳು ಹೆಚ್ಚಿರುವ ನಮ್ಮ ಕಡೆ ಇಂಥ ಕಾರುಗಳು ಬಹಳ. ಬ್ಯಾಟರಿ ಸತ್ತಿರುತ್ತದೆ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದರೆ ಡ್ರಮ್ಮಿಗೆ ಲೈನರ್ ಅಂಟಿರುತ್ತದೆ, ಎಂಜಿನ್ನಿನ ಸೀಲುಗಳು ಗಟ್ಟಿಯಾಗಿ ಎಣ್ಣೆ ಬಿಡುತ್ತವೆ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ, ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಟ್ಯಾಂಕಿಗೆ ಇದು ಒಳ್ಳೆಯದಲ್ಲ. ಇದಕ್ಕೆಲ್ಲ ಮೇಲೆ ಇಲಿ, ಹೆಗ್ಗಣ. ಬೆಚ್ಚಗಿನ ಬಾನೆಟ್ಟಿನೊಳಗೆ ಸೇರಿ ವಯರಿಂಗ್ ಕಡಿದರೆ ಯಾವ ವಯರ್ ಎಲ್ಲಿ ತುಂಡಾಗಿದೆ ಎಂದು ಹುಡುಕುವ ಲೇಬರೇ ಪಾರ್ಟ್ಸಿಗಿಂತ ಹೆಚ್ಚು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಅದನ್ನು ಓದಿದರೆ ಮೀಟರ್ ಹೇಳದ ವಯಸ್ಸು ಗೊತ್ತಾಗುತ್ತದೆ.

ಕೂಲಂಟಿನ ಬಗ್ಗೆ ನನಗೆ ನಿಜವಾಗಿಯೂ ಕಾಳಜಿ ಇದೆ, ಏಕೆಂದರೆ ಇಷ್ಟು ಕಡಿಮೆ ಹಣದಲ್ಲಿ ಇಷ್ಟು ದೊಡ್ಡ ನಷ್ಟ ತಪ್ಪಿಸುವ ಬೇರೆ ವಸ್ತು ಕಾರಿನಲ್ಲಿಲ್ಲ. ನೀರು ಕಡಿಮೆಯಾದಾಗ ಬಾವಿ ನೀರು ಸುರಿಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಕಡಲ ಬದಿಯ ಬಾವಿಯಲ್ಲಿ ಉಪ್ಪಿರುತ್ತದೆ, ಮುರಕಲ್ಲಿನ ಬಾವಿಯಲ್ಲಿ ಕಬ್ಬಿಣದ ಅಂಶವಿರುತ್ತದೆ. ಎರಡೂ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಕೆಸರಾಗಿ ಕೂರುತ್ತವೆ. ಮೊದಲು ನೀರಿನ ಪಂಪು ಸೋರುತ್ತದೆ, ಆಮೇಲೆ ಏರಿನಲ್ಲಿ ಎಂಜಿನ್ ಬಿಸಿಯಾಗುತ್ತದೆ, ಹಾಗೆಯೇ ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಬಾಗಿ ಗ್ಯಾಸ್ಕೆಟ್ ಹೋಗುತ್ತದೆ. ಕೂಲಂಟಿಗೆ ನೂರರ ಲೆಕ್ಕ, ಹೆಡ್ ಇಳಿಸುವುದಕ್ಕೆ ಹತ್ತು ಸಾವಿರಗಳ ಲೆಕ್ಕ. ಕಾರು ನೋಡುವಾಗ ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆಯಿರಿ. ಬಣ್ಣದ ಕೂಲಂಟ್ ಇರುವಲ್ಲಿ ಕೆಂಪು ರಾಡಿ ಇದ್ದರೆ, ಅಥವಾ ಎಂಜಿನ್ ಆಯಿಲಿನ ಮುಚ್ಚಳದ ಒಳಗೆ ಹಾಲಿನಂಥ ನೊರೆ ಇದ್ದರೆ, ಬೆಲೆ ಎಷ್ಟೇ ಇಳಿಸಿದರೂ ಬೇಡ. ಬಿಸಿಯಾಗುವ ಕಾರಿಗೆ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಕಳುಹಿಸುವ ಗ್ಯಾರೇಜುಗಳೂ ಇವೆ. ಅದರಿಂದ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ತಡವಾಗಿ ಮೈಲೇಜು ಇಳಿಯುತ್ತದೆ. ಬಿಸಿಯಾಗಲು ನಿಜವಾದ ಕಾರಣ ಹಾಗೆಯೇ ಉಳಿಯುತ್ತದೆ.

ಪರೀಕ್ಷೆಗೆ ಓಡಿಸಲು ಹೆದ್ದಾರಿ ಸಾಲದು. ಇಂದ್ರಾಳಿಯಿಂದ ಮಣಿಪಾಲದ ಏರನ್ನು ಮೂರನೇ ಗೇರಿನಲ್ಲಿ ಹತ್ತಿಸಿ ನೋಡಿ. ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕ್ಲಚ್ ಬದಲಿಸುವಾಗ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸಬೇಕು. ಗೇರ್‌ಬಾಕ್ಸ್ ಇಳಿಸುವ ಲೇಬರ್ ಒಂದಕ್ಕೂ ಅಷ್ಟೇ, ಮೂರಕ್ಕೂ ಅಷ್ಟೇ. ಹಂಪಿನ ಮೇಲೆ ಗಡಗಡ ಎಂದರೆ ಬುಷ್, ಲಿಂಕ್ ರಾಡ್. ಅದಕ್ಕೆ ಹೆದರಬೇಕಾಗಿಲ್ಲ, ಆದರೆ ಬೆಲೆಯಲ್ಲಿ ಇಳಿಸಿ ಕೇಳಬೇಕು.

ಎಂಜಿನ್ನಿಗೆ ಟೈಮಿಂಗ್ ಚೈನ್ ಇದೆಯೋ ಬೆಲ್ಟ್ ಇದೆಯೋ ಎಂದು ಕೇಳದೆ ಕೊಳ್ಳುವವರೇ ಹೆಚ್ಚು. ಹಳೇ ಸ್ಯಾಂಟ್ರೋ, ಮಾರುತಿ 800, 800 ಸಿಸಿಯ ಆಲ್ಟೊ, ಡೀಸೆಲ್ ಡಸ್ಟರ್ ಇವಕ್ಕೆಲ್ಲ ಬೆಲ್ಟ್. ಸ್ವಿಫ್ಟಿನ 1.2 ಪೆಟ್ರೋಲ್ ಎಂಜಿನ್ನಿಗೂ, ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾಗಳಲ್ಲಿದ್ದ 1.3 ಡೀಸೆಲ್ಲಿಗೂ ಚೈನ್. ರಬ್ಬರಿನ ಬೆಲ್ಟಿಗೆ ಕಿಲೋಮೀಟರಿನ ಜೊತೆ ವರ್ಷದ ಆಯುಷ್ಯವೂ ಇರುತ್ತದೆ. ಕಡಿಮೆ ಓಡಿದ ಕಾರಿನಲ್ಲಿ ಅದನ್ನು ಯಾರೂ ಬದಲಿಸಿರುವುದಿಲ್ಲ. ಓಡುವಾಗ ತುಂಡಾದರೆ ಅನೇಕ ಎಂಜಿನ್ನುಗಳಲ್ಲಿ ವಾಲ್ವ್ ಬಾಗಿ ಹೆಡ್ ಕೆಲಸ ಬರುತ್ತದೆ. ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಆ ಮೊತ್ತವನ್ನು ಬೆಲೆಯಿಂದ ಕಳೆಯಿರಿ.

2020ರ ಸೆಪ್ಟೆಂಬರ್ 20ರ ನೆರೆಯನ್ನು ಉಡುಪಿಯವರು ಮರೆತಿಲ್ಲ. ಕಲ್ಸಂಕ, ಬನ್ನಂಜೆಯಂಥ ಕಡೆ ಮನೆಯಂಗಳದಲ್ಲಿದ್ದ ಕಾರುಗಳು ನೀರಲ್ಲಿ ನಿಂತವು. ಅದಕ್ಕಿಂತ ಹಿಂದಿನ ಕೆಎ 20 ಕಾರು ನೋಡುತ್ತಿದ್ದರೆ ಆ ದಿನ ಅದು ಎಲ್ಲಿತ್ತು ಎಂದು ನೇರವಾಗಿ ಕೇಳಿ, ಇನ್ಶೂರೆನ್ಸ್ ಕ್ಲೇಮ್ ಆಗಿದೆಯೇ ಎಂದು ವಿಚಾರಿಸಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದರೆ ಬುಡದಲ್ಲಿ ಕೆಸರಿನ ಕಲೆ ಇರುತ್ತದೆ. ಅದನ್ನು ತೊಳೆಯುವವರು ಕಡಿಮೆ. ನಿಮ್ಮದೇ ಕಾರಿಗೂ ಒಂದು ಮಾತು. ನೀರು ತುಂಬಿದ ರಸ್ತೆಯಲ್ಲಿ ಬಂದ್ ಬಿದ್ದ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಿ ಒಳಗೆ ನೀರೆಳೆದು ಕನೆಕ್ಟಿಂಗ್ ರಾಡ್ ಬಾಗಿದರೆ ಸಾಮಾನ್ಯ ಕಾಂಪ್ರಹೆನ್ಸಿವ್ ಪಾಲಿಸಿ ಅದಕ್ಕೆ ಹಣ ಕೊಡುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಬೇಕು. ಹಳೆಯ ಕಾರುಗಳಿಗೆ ಎಲ್ಲ ಕಂಪನಿಗಳೂ ಅದನ್ನು ಕೊಡುವುದಿಲ್ಲವಾದ್ದರಿಂದ ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಹಳೇ ಯಜಮಾನರ ನೋ ಕ್ಲೇಮ್ ಬೋನಸ್ ಅವರೊಂದಿಗೇ ಹೋಗುತ್ತದೆ. ಹದಿನಾಲ್ಕು ದಿನಗಳೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ನಿಮ್ಮ ಕಾರಿನ ಹಾನಿಗೆ ಕ್ಲೇಮ್ ಸಿಗುವುದು ಕಷ್ಟ.

ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಹೊರಡುವ ವಿದ್ಯಾರ್ಥಿಗಳ ಹೊರರಾಜ್ಯದ ಕಾರುಗಳು ಅಗ್ಗಕ್ಕೆ ಸಿಗುತ್ತವೆ. ಆ ಬೆಲೆಗೆ ಎನ್‌ಒಸಿ ತರಿಸುವ ಓಡಾಟವನ್ನೂ, ವಾಹನದ ವಯಸ್ಸಿಗೆ ತಕ್ಕಂತೆ ಕರ್ನಾಟಕದಲ್ಲಿ ಮತ್ತೆ ಕಟ್ಟಬೇಕಾದ ಆಜೀವ ತೆರಿಗೆಯನ್ನೂ ಸೇರಿಸಿದ ಮೇಲೆ ಅಗ್ಗವೋ ಅಲ್ಲವೋ ಹೇಳಿ. ಹದಿನೈದು ವರ್ಷ ಹತ್ತಿರವಾದ ಕಾರಿಗೆ ಇನ್ನೊಂದು ಲೆಕ್ಕವಿದೆ. 2022ರ ಏಪ್ರಿಲ್‌ನಿಂದ ನೋಂದಣಿ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದೆ; ಇಪ್ಪತ್ತು ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಿಂದ 10,000. ಪಾಸಿಂಗಿಗೆ ಮೊದಲು ಬಾಡಿ ಕೆಲಸದ ಖರ್ಚು ಬೇರೆ. ಬೆಲೆ ಚೌಕಾಸಿಗೆ ಅನುಕೂಲವಾದ ಸಂಗತಿಯೂ ಒಂದಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಹೊಸ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ, ಬಿಡಿಭಾಗಗಳದ್ದೂ ಶೇ. 28ರಿಂದ 18ಕ್ಕೆ ಬಂದಿದೆ. ಹಳೇ ಕಾರಿಗೆ ಅದಕ್ಕೂ ಹಿಂದಿನ ಬೆಲೆ ಹೇಳುವವರಿಗೆ ಇದನ್ನು ನೆನಪಿಸಿ. ಗ್ಯಾರೇಜಿನಲ್ಲಿ ಪಾರ್ಟ್ಸಿಗೆ ಬಿಲ್ ಕೇಳಿ ಪಡೆಯಿರಿ.

ಸಾಲ ಮಾಡಿ ಹಳೇ ಕಾರು ಕೊಳ್ಳುವವರಿಗೆ ನನ್ನ ಸಲಹೆ ಖಡಾಖಂಡಿತ: ಕೈಯಲ್ಲಿರುವ ಹಣದ ಆರರಲ್ಲಿ ಒಂದು ಪಾಲನ್ನು ಮೊದಲ ವರ್ಷದ ರಿಪೇರಿಗೆ ಬದಿಗಿಟ್ಟು ಉಳಿದುದರಲ್ಲಿ ಕಾರು ಹುಡುಕಿ. ಹಳೇ ಕಾರಿನ ಸಾಲಕ್ಕೆ ಬಡ್ಡಿ ಹೊಸ ಕಾರಿಗಿಂತ ಹೆಚ್ಚು. ಕಂತು ಕಟ್ಟುತ್ತಿರುವ ತಿಂಗಳಲ್ಲೇ ಕ್ಲಚ್ ಹೋದರೆ ಎರಡನೇ ಸಾಲ ಶುರುವಾಗುತ್ತದೆ. ಎರಡನೇ ವರ್ಷದಿಂದ ನಾವು ಪಿಗ್ಮಿ ಕಟ್ಟುತ್ತಿದ್ದೇವೆ. 1928ರಲ್ಲಿ ಉಡುಪಿಯಲ್ಲೇ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಸಂಸ್ಥೆ ಶುರು ಮಾಡಿದ ಕ್ರಮ ಅದು. ದಿನಕ್ಕೆ ಎಪ್ಪತ್ತು ರೂಪಾಯಿ ಎಂದರೆ ವರ್ಷಕ್ಕೆ 25,550. ಬಡ್ಡಿ ಕಡಿಮೆ, ಆದರೆ ಹಣ ಬೇರೆ ಖರ್ಚಿಗೆ ಹೋಗುವುದಿಲ್ಲ. ಆಯಿಲ್, ಬ್ಯಾಟರಿ, ಬ್ರೇಕ್ ಪ್ಯಾಡ್, ಎಸಿ ಗ್ಯಾಸ್ ಎಲ್ಲವೂ ಆ ಖಾತೆಯಿಂದಲೇ ನಡೆಯುತ್ತವೆ. ಖಾತೆ ಮೀರಿ ಹೋಗುವ ಖರ್ಚು ಬಂದ ದಿನ ಮೆಕ್ಯಾನಿಕ್ಕನ್ನು ಕೇಳುವುದು ಒಂದೇ ಪ್ರಶ್ನೆ, ಅಡಿಯ ತಗಡು ಗಟ್ಟಿಯಿದೆಯೇ ಎಂದು. ಗಟ್ಟಿಯಿದ್ದರೆ ಖರ್ಚು ಮಾಡುತ್ತೇವೆ, ಇಲ್ಲದಿದ್ದರೆ ಕಾರು ಕೊಡುತ್ತೇವೆ.

ಏಪ್ರಿಲ್, ಮೇ ತಿಂಗಳಲ್ಲಿ ಪರವೂರಿನಿಂದ ಬಂದವರೆಲ್ಲ ಕಾರು ಮಾರುವ, ಕೊಳ್ಳುವ ಗಡಿಬಿಡಿಯಲ್ಲಿರುತ್ತಾರೆ. ಬಿಸಿಲಲ್ಲಿ ತೊಳೆದು ನಿಲ್ಲಿಸಿದ ಕಾರಿನಲ್ಲಿ ಸೋರುವುದಾಗಲಿ, ತೇವದ ವಾಸನೆಯಾಗಲಿ, ಒದ್ದೆ ರಾತ್ರಿಯ ನಂತರ ಸ್ಟಾರ್ಟ್ ಆಗದಿರುವುದಾಗಲಿ ಗೊತ್ತಾಗುವುದಿಲ್ಲ. ಅವಸರವಿಲ್ಲದವರು ಜೂನ್ ಕೊನೆಯವರೆಗೆ ತಡೆಯಿರಿ. ಎರಡು ದಿನ ಎಡೆಬಿಡದೆ ಮಳೆ ಹೊಯ್ದ ಮೇಲೆ, ಮಾರುವವರಿಗೆ ಮೊದಲೇ ಹೇಳದೆ, ಬೆಳಿಗ್ಗೆ ಹೋಗಿ ನೋಡಿ. ಅಡ್ವಾನ್ಸ್ ಅದಾದ ಮೇಲೆ ಕೊಡಿ.