ಪಾತ್ರಗಳ ಕೈಗೆ ಯಾವ ಕಾಫಿ ಕೊಡಲಿ?

ಪ್ರಶ್ನೆ: ನನ್ನ ಕಾದಂಬರಿ 1982ರ ಬೆಂಗಳೂರಿನಲ್ಲಿ ನಡೆಯುತ್ತದೆ. ಓದಿದ ಗೆಳತಿ, ‘ಎಲ್ಲರೂ ಒಂದೇ ಥರ ಕಾಫಿ ಕುಡೀತಾರೆ, ಯಾರೂ ಕಣ್ಣಿಗೆ ಕಟ್ಟೋದಿಲ್ಲ’ ಎಂದಳು. ಏನು ಮಾಡಲಿ?
–ಓದುಗರೊಬ್ಬರು, ತುಮಕೂರು

ಉತ್ತರ: ನಿಮ್ಮ ಗೆಳತಿ ಸರಿಯಾಗಿಯೇ ಗುರುತಿಸಿದ್ದಾರೆ. ‘ಕಾಫಿ’ ಎಂದು ಬರೆಯುವ ಮೊದಲು ಪಾತ್ರದ ಊರು, ಕಾಲ, ಕೈಯಲ್ಲಿರುವ ಕಾಸು ನೋಡಿಕೊಳ್ಳಿ.

ಮಲೆನಾಡಿನಿಂದ ಬಂದವಳಿಗೆ ಬೆಲ್ಲದ ಕಾಫಿ ಒಗ್ಗಿರಬಹುದು. ಧಾರವಾಡದಿಂದ ವರ್ಗವಾಗಿ ಬಂದ ಗುಮಾಸ್ತ ಚಹಾ ಕೇಳಬಹುದು. ಬಸವನಗುಡಿಯ ಅಜ್ಜಿ ರಾತ್ರಿಯೇ ಫಿಲ್ಟರಿಗೆ ಪುಡಿ ಹಾಕಿ ಡಿಕಾಕ್ಷನ್ ಇಳಿಸಿಡುತ್ತಾರೆ. ತಿಂಗಳ ಕೊನೆಯಲ್ಲಿ ಅದೇ ಪುಡಿಗೆ ಅವರು ಎರಡನೇ ಸಲ ನೀರು ಹಾಕಿದರೆ, ಮನೆಯ ಕಷ್ಟವನ್ನು ನೀವು ಬೇರೆಯಾಗಿ ವಿವರಿಸಬೇಕಿಲ್ಲ. ಕಾಲೇಜು ಹುಡುಗರು ಹೋಟೆಲಿನಲ್ಲಿ ‘ಬೈ-ಟು’ ಹೇಳಿದಾಗ ಸ್ನೇಹವೂ ಜೇಬೂ ಒಟ್ಟಿಗೆ ಕಾಣುತ್ತವೆ.

ಕಾಲದ ವಿಷಯದಲ್ಲಿ ಎಚ್ಚರವಿರಲಿ. ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದದ್ದು 1996ರಲ್ಲಿ; ನಿಮ್ಮ ನಾಯಕಿಯನ್ನು ಅಲ್ಲಿ ಕೂರಿಸಬೇಡಿ. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್‌ಗೆ ಕರೆದೊಯ್ಯಿರಿ. ಅದು ಚರ್ಚ್ ಸ್ಟ್ರೀಟಿಗೆ ಹೋದದ್ದು 2009ರಲ್ಲಿ.

ಹಾಗೆಂದು ಗೊತ್ತಿರುವುದನ್ನೆಲ್ಲ ತುಂಬಬೇಡಿ. ಒಬ್ಬೊಬ್ಬರಿಗೆ ಒಂದೊಂದು ಅಭ್ಯಾಸ ಕೊಡಿ. ಕಥೆ ತಿರುಗುವಾಗ ಅದನ್ನು ಮುರಿಯಿರಿ. ದಿನವೂ ಸಕ್ಕರೆ ಕಡಿಮೆಯೆಂದು ಗೊಣಗುವ ಅಪ್ಪ ಒಂದು ದಿನ ಮಾತಿಲ್ಲದೆ ಕುಡಿದು ಲೋಟ ಕೆಳಗಿಟ್ಟರೆ, ಏನೋ ಆಗಿದೆ ಎಂದು ಓದುಗರಿಗೆ ತಾನಾಗಿ ತಿಳಿಯುತ್ತದೆ.

ಆ ಕಾಲದ ಬೆಂಗಳೂರು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮುಂದಿನ ಅಧ್ಯಾಯ ಬರೆಯುವ ಮೊದಲು ಅವರ ಹತ್ತಿರ ಕೂತು, ಬೆಳಿಗ್ಗೆ ಎದ್ದು ಏನು ಕುಡಿಯುತ್ತಿದ್ದಿರಿ ಎಂದು ತಪ್ಪದೆ ಕೇಳಿ.