ಮಧ್ಯಾಹ್ನ ಹುಳಿಯಾಗದ ಎಲೆ: ಕಾಡುಬಸಳೆಯೊಂದಿಗೆ ಎರಡು ಅವಧಿಗಳು

ತರಗತಿ: 10
ವಿಷಯ: ಜೀವವಿಜ್ಞಾನ
ಘಟಕ: ಜೀವಕ್ರಿಯೆಗಳು
ಕಲಿಕಾಂಶ: ನೀರು ಸಂಗ್ರಹಿಸುವ ಸಸ್ಯಗಳಲ್ಲಿ ದ್ಯುತಿಸಂಶ್ಲೇಷಣೆ

ಹಿನ್ನೆಲೆ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಗ್ರಾಮೀಣ ಪ್ರೌಢಶಾಲೆಯೊಂದರ ಹತ್ತನೆಯ ತರಗತಿ. ‘ಜೀವಕ್ರಿಯೆಗಳು’ ಪಾಠದಲ್ಲಿ ದ್ಯುತಿಸಂಶ್ಲೇಷಣೆಯ ಹಂತಗಳನ್ನು ಹೇಳಿದ ಮೇಲೆ ಮರುಭೂಮಿಯ ಸಸ್ಯಗಳ ಬಗ್ಗೆ ಒಂದು ಮಾತು ಬರುತ್ತದೆ: ಅವು ರಾತ್ರಿ ಕಾರ್ಬನ್ ಡೈಆಕ್ಸೈಡನ್ನು ತೆಗೆದುಕೊಂಡು ಒಂದು ಮಧ್ಯವರ್ತಿ ವಸ್ತುವನ್ನು ತಯಾರಿಸಿಟ್ಟುಕೊಳ್ಳುತ್ತವೆ, ಹಗಲಿನಲ್ಲಿ ಅದನ್ನು ಬಳಸುತ್ತವೆ. ಮಕ್ಕಳು ಇದನ್ನು ಒಂದು ಅಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಈ ಸಲ ಅದನ್ನು ಕಣ್ಣಿಗೆ ಕಾಣುವಂತೆ ತೋರಿಸಬೇಕು ಎಂದುಕೊಂಡೆ.

ಆರಿಸಿಕೊಂಡ ಗಿಡ ಕಾಡುಬಸಳೆ. ಸಂತಾನೋತ್ಪತ್ತಿಯ ಪಾಠದಲ್ಲಿ ಎಲೆಯಂಚಿನಿಂದ ಮರಿಸಸ್ಯ ಹುಟ್ಟುವುದಕ್ಕೆ ಉದಾಹರಣೆಯಾಗಿ ಬರುವ ಬ್ರಯೋಫಿಲಮ್ ಇದೇ. ಸಸ್ಯವಿಜ್ಞಾನಿಗಳು ಇಂದು ಇದನ್ನು ಕಲಾಂಚೊ ಕುಲದಲ್ಲಿ ಸೇರಿಸುತ್ತಾರೆ. ಮೂಲ ಮಡಗಾಸ್ಕರ್ ಆದರೂ ನಮ್ಮ ಹಿತ್ತಲಿಗೆ ಹೊಸದಲ್ಲ. ಶಾಲೆಯ ಕಾಂಪೌಂಡಿನ ಪಕ್ಕದಲ್ಲೇ ಸಾಕಷ್ಟು ಬೆಳೆದಿತ್ತು.

ಮೊದಲ ಅವಧಿ: ಆದದ್ದೇನು

ಕಾಲೇಜಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಅಭ್ಯಾಸ ಮಾಡಿ ನೋಡಿದ್ದೆ. ಎಲೆ ಅರೆದು ರಸಕ್ಕೆ ನೀಲಿ ಲಿಟ್ಮಸ್ ಅದ್ದಿದಾಗ ಚೆನ್ನಾಗಿ ಕೆಂಪಾಯಿತು. ಪಾಠಯೋಜನೆಯಲ್ಲಿ ‘ನಿರೀಕ್ಷಿತ ಫಲಿತಾಂಶ: ಕೆಂಪು’ ಎಂದು ಬರೆದುಕೊಂಡೆ. ಶಾಲೆಯಲ್ಲಿ ನನಗೆ ಕೊಟ್ಟದ್ದು ಊಟದ ನಂತರದ ಎರಡನೆಯ ಅವಧಿ.

ಐದು ಗುಂಪುಗಳು ಎಲೆ ಅರೆದವು. ಲಿಟ್ಮಸ್ ಅದ್ದಿದರು. ಯಾರದ್ದೂ ಕೆಂಪಾಗಲಿಲ್ಲ. ಒಂದು ಬಗೆಯ ಮಂಕು ನೇರಳೆ ಬಂತು, ಅಷ್ಟೆ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದರು. ಇನ್ನು ಹದಿನೈದು ನಿಮಿಷ ಉಳಿದಿತ್ತು. ನಾನು ಕರಿಹಲಗೆಯ ಮೇಲೆ ‘ಲಿಟ್ಮಸ್ ಕೆಂಪಾಯಿತು, ಆದ್ದರಿಂದ ಎಲೆಯಲ್ಲಿ ಆಮ್ಲವಿದೆ’ ಎಂದು ಬರೆದೆ. ಎಲ್ಲರೂ ಬರೆದುಕೊಂಡರು. ಒಬ್ಬ ಹುಡುಗ ಮಾತ್ರ, “ಮಿಸ್, ನಮ್ಮದು ಆಗಿಲ್ಲ” ಎಂದ. “ಸ್ವಲ್ಪ ಆಗಿದೆ, ಸರಿಯಾಗಿ ನೋಡು” ಎಂದೆ. ಅವನು ಮತ್ತೊಮ್ಮೆ ನೋಡಿದ. ಆಮೇಲೆ ತಾನು ಬರೆದಿದ್ದ ‘ನೇರಳೆ’ಯನ್ನು ರಬ್ಬರಿನಿಂದ ಒರೆಸಿ ‘ಕೆಂಪು’ ಎಂದು ಬರೆದ.

ಮಾರ್ಗದರ್ಶಕರು ಪುಸ್ತಕದಲ್ಲಿ ಧ್ವನಿ, ಕರಿಹಲಗೆಯ ಬಳಕೆ, ಸಮಯಪಾಲನೆ ಮೂರಕ್ಕೂ ‘ಉತ್ತಮ’ ಎಂದು ಬರೆದಿದ್ದರು. ಕೆಳಗೆ ಒಂದೇ ಪ್ರಶ್ನೆ ಇತ್ತು: ‘ಆ ಹುಡುಗ ಇಂದು ಏನನ್ನು ಕಲಿತ?’

ತಪ್ಪು ಎಲ್ಲಿತ್ತು

ಅಂದು ರಾತ್ರಿ ಪುಸ್ತಕಗಳನ್ನು ಮತ್ತೆ ತೆರೆದಾಗ ತಿಳಿಯಿತು: ಗಿಡ ತಪ್ಪು ಮಾಡಿರಲಿಲ್ಲ, ಲಿಟ್ಮಸ್ ಕೂಡ ಮಾಡಿರಲಿಲ್ಲ. ನಾನು ಹೇಳಬೇಕಾಗಿದ್ದ ಪಾಠವನ್ನೇ ಅವು ಹೇಳುತ್ತಿದ್ದವು.

ಕಾಡುಬಸಳೆ ಕ್ರ್ಯಾಸುಲೇಸಿ ಕುಟುಂಬದ್ದು. ಲ್ಯಾಟಿನ್ನಿನಲ್ಲಿ ‘ಕ್ರ್ಯಾಸಸ್’ ಎಂದರೆ ದಪ್ಪ. ಸುಮಾರು 1,400 ಪ್ರಭೇದಗಳಿರುವ ಈ ಕುಟುಂಬದ ಹೆಚ್ಚಿನ ಸಸ್ಯಗಳು ದಪ್ಪ ಎಲೆಗಳಲ್ಲಿ ನೀರು ಕೂಡಿಡುತ್ತವೆ. ಮನೆಯ ಕಿಟಕಿಯಲ್ಲಿಡುವ ಜೇಡ್ ಗಿಡ, ಗುಲಾಬಿಯಂತೆ ಎಲೆ ಜೋಡಿಸಿಕೊಳ್ಳುವ ಎಚೆವೇರಿಯಾ, ಸೀಡಮ್ ಇವೆಲ್ಲ ಇದರ ಬಳಗ. ಹಗಲಿನ ಬಿಸಿಲಲ್ಲಿ ಪತ್ರರಂಧ್ರ ತೆರೆದರೆ ಕೂಡಿಟ್ಟ ನೀರು ಆವಿಯಾಗುತ್ತದೆ. ಆದ್ದರಿಂದ ಇವು ತಂಪಾದ ರಾತ್ರಿಯಲ್ಲಿ ಪತ್ರರಂಧ್ರ ತೆರೆಯುತ್ತವೆ. ಒಳಬಂದ ಕಾರ್ಬನ್ ಡೈಆಕ್ಸೈಡ್ ಮ್ಯಾಲಿಕ್ ಆಮ್ಲವಾಗಿ ಜೀವಕೋಶದ ರಸದಾನಿಯಲ್ಲಿ ಸಂಗ್ರಹವಾಗುತ್ತದೆ. ಬೆಳಗಾದ ಮೇಲೆ ಪತ್ರರಂಧ್ರ ಮುಚ್ಚಿ, ಆ ಆಮ್ಲದಿಂದ ಕಾರ್ಬನ್ ಡೈಆಕ್ಸೈಡನ್ನು ಬಿಡಿಸಿಕೊಂಡು, ಬೆಳಕಿನ ಶಕ್ತಿಯಿಂದ ಸಕ್ಕರೆ ತಯಾರಿಸುತ್ತವೆ. ಹೊತ್ತು ಏರಿದಂತೆ ಆಮ್ಲ ಕರಗುತ್ತದೆ. ಊಟದ ನಂತರದ ಅವಧಿಯಲ್ಲಿ ಹುಳಿ ಹುಡುಕಿದರೆ ಸಿಗುವುದಾದರೂ ಹೇಗೆ?

ಇದನ್ನು ಬರಹದಲ್ಲಿ ದಾಖಲಿಸಿದ ಬೆಂಜಮಿನ್ ಹೈನ್ ಎಂಬ ಸಸ್ಯವಿಜ್ಞಾನಿ ಭಾರತದಲ್ಲೇ ಇದ್ದವನು. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಅವನು ಮೈಸೂರು ಸರ್ವೇಕ್ಷಣೆಯಲ್ಲಿ ಕೆಲಸ ಮಾಡಿದ್ದ, ಬೆಂಗಳೂರಿನ ಲಾಲ್‌ಬಾಗನ್ನೂ ಕೆಲಕಾಲ ನೋಡಿಕೊಂಡಿದ್ದ. ಇದೇ ಗಿಡದ ಎಲೆ ಬೆಳಿಗ್ಗೆ ಬಹಳ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ ಎಂದು ರುಚಿ ನೋಡಿ ಬರೆದ ಅವನ ಪತ್ರ ಲಂಡನ್ನಿನ ಲಿನೇಯನ್ ಸೊಸೈಟಿಯ ಸಂಪುಟದಲ್ಲಿ 1815ರಲ್ಲಿ ಅಚ್ಚಾಯಿತು. ನನ್ನ ವಿದ್ಯಾರ್ಥಿ ಲಿಟ್ಮಸ್‌ನಲ್ಲಿ ಕಂಡಿದ್ದು ಅದೇ ಸಂಗತಿ. ನಾನು ಅದನ್ನು ಒರೆಸಿಸಿದ್ದೆ.

ಎರಡನೆಯ ಅವಧಿ: ಮರುಯೋಜನೆ

ಮರುದಿನ ತರಗತಿಗೆ ಹೋಗಿ ಮೊದಲು ಹೇಳಿದ್ದು ಇದು: “ನಿನ್ನೆ ನಾನು ಬರೆಸಿದ್ದು ತಪ್ಪು. ಕಾಗದ ಕೆಂಪಾಗಿರಲಿಲ್ಲ. ಎಲ್ಲರೂ ಕಂಡದ್ದನ್ನೇ ಬರೆಯಿರಿ.” ತರಗತಿ ನಗಲಿಲ್ಲ, ಗಲಾಟೆಯೂ ಆಗಲಿಲ್ಲ. ರಬ್ಬರಿಗಾಗಿ ಡಬ್ಬಿಗಳು ತೆರೆದವು. ಯಾಕೆ ಕೆಂಪಾಗಲಿಲ್ಲ ಎಂದು ಕೇಳಿದಾಗ ಊಹೆಗಳು ಬಂದವು: ಎಲೆ ಹಳೆಯದಿರಬೇಕು, ನೀರು ಜಾಸ್ತಿಯಾಯಿತು, ಕಾಗದ ಕೆಟ್ಟಿದೆ. ಕಾಗದದ ಮೇಲೆ ನಿಂಬೆರಸ ಹಾಕಿ ನೋಡಿ ಮೂರನೆಯದನ್ನು ಅವರೇ ತಳ್ಳಿಹಾಕಿದರು. ನಂತರ ಒಬ್ಬ ಹುಡುಗಿ, “ಮಿಸ್, ನೀವು ಕಾಲೇಜಿನಲ್ಲಿ ಎಷ್ಟು ಹೊತ್ತಿಗೆ ಮಾಡಿದ್ದಿರಿ?” ಎಂದು ಕೇಳಿದಳು. ಪಾಠ ಅಲ್ಲಿಂದ ಶುರುವಾಯಿತು.

ವಿಶೇಷ ತರಗತಿಗೆ ಮಕ್ಕಳು ಬೆಳಿಗ್ಗೆ 8.30ಕ್ಕೇ ಬರುತ್ತಿದ್ದುದು ಅನುಕೂಲವಾಯಿತು. ಮುಂದಿನ ದಿನ ಅದೇ ಗಿಡಗಳಿಂದ ಬೆಳಿಗ್ಗೆ 8.30ಕ್ಕೆ ಒಮ್ಮೆ, ಮಧ್ಯಾಹ್ನ 3.30ಕ್ಕೆ ಒಮ್ಮೆ ಎಲೆ ಕಿತ್ತೆವು. ವಿಧಾನ ಹೀಗಿತ್ತು:

1. ಪ್ರತಿ ಸಲ 5 ಗ್ರಾಂ ಎಲೆ ತೂಗಿ, ಕಿತ್ತ ಕೂಡಲೇ ಅರೆದು, 20 ಮಿ.ಲೀ. ನೀರು ಸೇರಿಸಿ ಹತ್ತಿಯಲ್ಲಿ ಸೋಸುವುದು.
2. ಎರಡು ಹನಿ ಫಿನಾಫ್ತಲೀನ್ ಹಾಕುವುದು.
3. ದುರ್ಬಲ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಸೇರಿಸುತ್ತ, ಗುಲಾಬಿ ಬಣ್ಣ ನಿಲ್ಲುವವರೆಗೆ ಹನಿ ಎಣಿಸುವುದು.
4. ಹೋಲಿಕೆಗಾಗಿ ಅವರೆ ಎಲೆಯಲ್ಲಿ ಇದನ್ನೇ ಮಾಡುವುದು.

ರಸ ಹಸಿರಾಗಿರುವುದರಿಂದ ಬಣ್ಣ ಬದಲಾದದ್ದು ತಕ್ಷಣ ತಿಳಿಯುವುದಿಲ್ಲ. ಕೆಳಗೆ ಬಿಳಿ ಹಾಳೆ, ಪಕ್ಕದಲ್ಲಿ ಏನೂ ಸೇರಿಸದ ರಸದ ಪ್ರನಾಳ ಇಟ್ಟರೆ ಸುಲಭ. ಹೈಡ್ರಾಕ್ಸೈಡನ್ನು ಶಿಕ್ಷಕರೇ ಸಿದ್ಧಪಡಿಸಿ, ಡ್ರಾಪರಿನಲ್ಲಿ ಕೊಡಬೇಕು. ಹೈನ್‌ನಂತೆ ರುಚಿ ನೋಡಲು ಮಾತ್ರ ಬಿಡಬಾರದು. ಈ ಎಲೆಯಲ್ಲಿ ಹೃದಯದ ಮೇಲೆ ಪರಿಣಾಮ ಬೀರುವ ವಸ್ತುಗಳಿವೆ, ಇದನ್ನು ಮೇಯ್ದ ದನಗಳು ವಿಷವೇರಿ ನರಳುವುದುಂಟು.

ಗುಂಪಿನಿಂದ ಗುಂಪಿಗೆ ಹನಿಗಳ ಸಂಖ್ಯೆ ಬೇರೆಯಾಗಿತ್ತು. ಆದರೆ ಐದೂ ಗುಂಪುಗಳಲ್ಲಿ ಬೆಳಗಿನ ಕಾಡುಬಸಳೆ ರಸಕ್ಕೆ ಮಧ್ಯಾಹ್ನದ ರಸಕ್ಕಿಂತ ಬಹಳ ಹೆಚ್ಚು ಹನಿ ಬೇಕಾದವು. ಅವರೆ ಎಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈಗ ಕರಿಹಲಗೆಯ ಮೇಲೆ ವಾಕ್ಯ ಬರೆದವರು ಮಕ್ಕಳು.

ಎದ್ದ ಪ್ರಶ್ನೆಗಳು

*ಕಾಡುಬಸಳೆ, ಬಸಳೆ ಎರಡೂ ಒಂದೇ ಕುಟುಂಬವೇ?* ಅಲ್ಲ. ಹೆಸರು ಹೋಲುತ್ತದೆ, ನಂಟಿಲ್ಲ.

*ಪಾಪಾಸುಕಳ್ಳಿಯೂ ಹೀಗೆಯೇ?* ಹೌದು, ಅದೂ ರಾತ್ರಿಯೇ ಗಾಳಿಗೆ ಬಾಗಿಲು ತೆರೆಯುತ್ತದೆ, ಆದರೆ ಅದರ ಕುಟುಂಬ ಬೇರೆ. ಅನಾನಸ್ ಕೂಡ ಈ ಕ್ರಮವನ್ನೇ ಅನುಸರಿಸುತ್ತದೆ. ಕ್ರ್ಯಾಸುಲೇಸಿಯ ಹೆಸರನ್ನೇ ಈ ಕ್ರಿಯೆಗೆ ಇಟ್ಟಿದ್ದರೂ ಅದು ಒಂದೇ ಕುಟುಂಬದ ಸೊತ್ತಲ್ಲ.

*ರಾತ್ರಿ ಕಾರ್ಬನ್ ಡೈಆಕ್ಸೈಡ್ ತೆಗೆದುಕೊಂಡರೆ ಗಿಡ ಉಸಿರಾಡುವುದಿಲ್ಲವೇ?* ಉಸಿರಾಡುತ್ತದೆ. ಉಸಿರಾಟ ಹಗಲೂ ರಾತ್ರಿಯೂ ನಡೆದೇ ಇರುತ್ತದೆ.

*ಇಷ್ಟು ಒಳ್ಳೆಯ ಉಪಾಯವನ್ನು ಎಲ್ಲ ಗಿಡಗಳೂ ಯಾಕೆ ಮಾಡುವುದಿಲ್ಲ?* ಇದಕ್ಕೆ ನಾನು ಮರುಪ್ರಶ್ನೆ ಹಾಕಿದೆ: ರಸದಾನಿಯಲ್ಲಿ ಒಂದು ರಾತ್ರಿಗೆ ಎಷ್ಟು ಆಮ್ಲ ಹಿಡಿಸೀತು? ಆ ಉಗ್ರಾಣದಷ್ಟೇ ಅಡುಗೆ, ಆದ್ದರಿಂದ ಬೆಳವಣಿಗೆ ನಿಧಾನ ಎಂಬಲ್ಲಿಗೆ ಅವರೇ ಬಂದರು.

ಮೌಲ್ಯಮಾಪನ

1. ಮೋಡ ಕವಿದ ದಿನ ಮಧ್ಯಾಹ್ನದ ಎಲೆಯಲ್ಲಿ ಆಮ್ಲ ಹೆಚ್ಚಿರುವುದೋ ಕಡಿಮೆಯಿರುವುದೋ? ಕಾರಣ ಕೊಡಿ.
2. ಬೆಳಿಗ್ಗೆ ಕಿತ್ತ ಎಲೆಯನ್ನು ಬಿಸಿಲಲ್ಲಿಟ್ಟು ಮಧ್ಯಾಹ್ನ ಅರೆದರೆ ಪ್ರಯೋಗ ಹೇಗೆ ಕೆಡುತ್ತದೆ?
3. ನಿಮ್ಮ ಫಲಿತಾಂಶ ಪುಸ್ತಕದಂತೆ ಬರದಿದ್ದರೆ ಮೊದಲು ಏನು ಬರೆಯುತ್ತೀರಿ?

ಮೂರನೆಯದಕ್ಕೆ ಆ ಹುಡುಗ ಬರೆದ ಉತ್ತರ: “ಕಂಡದ್ದು. ಆಮೇಲೆ ಎಷ್ಟು ಗಂಟೆ ಅಂತ.”

ಸಹಪ್ರಶಿಕ್ಷಣಾರ್ಥಿಗಳಿಗೆ

ಪಾಠಯೋಜನೆಯಲ್ಲಿ ‘ನಿರೀಕ್ಷಿತ ಫಲಿತಾಂಶ’ ಎಂಬ ಅಂಕಣ ಇದ್ದೇ ಇರುತ್ತದೆ. ಈಗ ನಾನು ಅದರ ಪಕ್ಕದಲ್ಲಿ ‘ಬಂದ ಫಲಿತಾಂಶ’ ಎಂದು ಇನ್ನೊಂದು ಗೆರೆ ಎಳೆದು, ತರಗತಿ ಮುಗಿಯುವವರೆಗೆ ಖಾಲಿ ಬಿಡುತ್ತೇನೆ. ಪ್ರಯೋಗವನ್ನು ಮನೆಯಲ್ಲೋ ಕಾಲೇಜಿನಲ್ಲೋ ಮಾಡಿ ನೋಡುವಾಗ, ನಿಮಗೆ ಕೊಟ್ಟಿರುವ ಅವಧಿಯ ಹೊತ್ತಿಗೇ ಮಾಡಿ ನೋಡಿ. ಆದರೂ ಫಲಿತಾಂಶ ಬರದಿದ್ದರೆ ಬರಲಿಲ್ಲ ಎಂದೇ ಬರೆಸಿ. ಒಂದು ದಿನ ತಡವಾಗಬಹುದು, ಘಟಕ ಮುಗಿಯದೆ ಹೋಗುವುದಿಲ್ಲ.