ಜಾಜ್ ಕಲಿಯೋಣ: ಮೂರು ಕಾರ್ಡ್, ಒಂದೇ ಶಂಕರಾಭರಣ



ಚಿಕ್ಕಂದಿನಲ್ಲಿ ಪಿಟೀಲು ಕಲಿತ ಧೈರ್ಯದ ಮೇಲೆ ಹೋದ ವರ್ಷ ಇಲ್ಲಿನ ಜಾಜ್ ಗೆಳೆಯರ ಜೊತೆ ನುಡಿಸಲು ಹೋದೆ. ಎಂಟೇ ಬಾರ್‌ಗಳಲ್ಲಿ ದಾರಿ ತಪ್ಪಿ ಪಿಟೀಲು ಕೆಳಗಿಟ್ಟೆ. ಕಾರ್ಡ್ ಬದಲಾದಾಗಲೆಲ್ಲ ರಾಗ ಬದಲಿಸಲು ಹೊರಟಿದ್ದೇ ನನ್ನ ತಪ್ಪು!

ಜಾಜ್‌ನಲ್ಲಿ ಪದೇ ಪದೇ ಬರುವ ಸರಣಿ ಇದು. ‘ಸಿ’ಯನ್ನು ಷಡ್ಜ ಎಂದುಕೊಳ್ಳಿ:

ಡಿ ಮೈನರ್ 7: ರಿ ಮ ದ ಸ
ಜಿ 7: ಪ ನಿ ರಿ ಮ
ಸಿ ಮೇಜರ್ 7: ಸ ಗ ಪ ನಿ

ಡಿ ಇಂದ ಖರಹರಪ್ರಿಯ, ಜಿ ಇಂದ ಹರಿಕಾಂಭೋಜಿ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಗ್ರಹಭೇದದ ಲೆಕ್ಕ ಸರಿಯೇ. ಆದರೆ ಸ್ವರಗಳು ಶಂಕರಾಭರಣದ ಅದೇ ಏಳು. ಬದಲಾಗುವುದು ನಿಲ್ಲುವ ಜಾಗ ಮಾತ್ರ.

ಎಲ್ಲಿ ನಿಲ್ಲಬೇಕು? ಪ್ರತಿ ಸಾಲಿನ ಎರಡನೆಯ ಮತ್ತು ಕೊನೆಯ ಸ್ವರ ನೋಡಿ: ಮ-ಸ, ನಿ-ಮ, ಗ-ನಿ. ಮೊದಲು ‘ಮ’ ಹಾಗೇ ಇದ್ದು ‘ಸ’ ನಿಷಾದಕ್ಕೆ ಇಳಿಯುತ್ತದೆ. ಆಮೇಲೆ ‘ನಿ’ ಹಾಗೇ ಇದ್ದು ‘ಮ’ ಗಾಂಧಾರಕ್ಕೆ ಇಳಿಯುತ್ತದೆ. ಈ ಎರಡು ಇಳಿತಗಳನ್ನು ಹಿಡಿದರೆ, ಪಿಯಾನೋ ಇಲ್ಲದಿದ್ದರೂ ಕಾರ್ಡ್ ಬದಲಾದದ್ದು ಕಿವಿಗೆ ತಿಳಿಯುತ್ತದೆ.

ಜೋಸೆಫ್ ಕೋಸ್ಮಾ 1945ರಲ್ಲಿ ಸಂಯೋಜಿಸಿದ ‘ಆಟಮ್ ಲೀವ್ಸ್’ ಶುರುವಾಗುವುದೇ ಈ ಸರಣಿಯಿಂದ. ಸಾಮಾನ್ಯವಾಗಿ ಬಿ ಫ್ಲ್ಯಾಟ್ ಷಡ್ಜ. ಮುಂದೆ ಜಿ ಮೈನರ್‌ಗೆ ತಿರುಗುವಾಗ ಡಿ 7 ಕಾರ್ಡಿನಲ್ಲಿ ಎಫ್ ಶಾರ್ಪ್ ಎಂಬ ಒಂದೇ ಹೊಸ ಸ್ವರ ಬರುತ್ತದೆ. ಜಿ ಷಡ್ಜವಾದರೆ ಅದು ನಮ್ಮ ಕೀರವಾಣಿ!

ಮನೆಯಲ್ಲಿ ಒಬ್ಬರು ಕೀಬೋರ್ಡ್‌ನಲ್ಲಿ ಕಾರ್ಡ್ ಹಿಡಿಯಿರಿ, ಮಕ್ಕಳು ಆ ಎರಡೆರಡು ಸ್ವರ ಹಾಡಲಿ. ನಾನು ಹಾಗೇ ಅಭ್ಯಾಸ ಮಾಡಿ ಕಳೆದ ತಿಂಗಳು ಮತ್ತೆ ಹೋದೆ. 32 ಬಾರ್ ಮುಗಿಯುವವರೆಗೂ ಪಿಟೀಲು ಕೆಳಗಿಡಲಿಲ್ಲ.